ರೀಲ್ಸ್ ಓಡಿತು ಸರಿ, ಇವತ್ತಿನ ಡಬ್ಬಿ ಹೋಯ್ತಾ?

ಇತ್ತೀಚೆಗೆ ನನಗೆ ಬರುವ ಮೆಸೇಜುಗಳಲ್ಲಿ ಒಂದು ಪ್ರಶ್ನೆ ತಪ್ಪದೇ ಇರುತ್ತದೆ. "ಅಕ್ಕಾ, ನಾನೂ ಆನ್‌ಲೈನ್ ಬಿಸಿನೆಸ್ ಚಾಲೂ ಮಾಡಬೇಕಂತ ಮಾಡೀನ್ರಿ. ದಿನಕ್ಕ ಎಷ್ಟ್ ಪೋಸ್ಟ್ ಹಾಕಬೇಕ್ರಿ?" ಕೇಳುವವರು ಆಳಂದ, ಸೇಡಂ, ಹುಮನಾಬಾದ್, ಶಹಾಪುರ ಕಡೆಯವರು. ಕೆಲವರು ಬೆಂಗಳೂರಿನ ನೌಕರಿ ಬಿಟ್ಟು ಊರಿಗೆ ಬಂದವರು. ಜಾಸ್ತಿ ಜನ ಮನೆಯಲ್ಲೇ ಇದ್ದು ನಾಲ್ಕು ಕಾಸು ದುಡಿಯಬೇಕು ಅನ್ನುವ ಹೆಣ್ಣುಮಕ್ಕಳು. ಒಬ್ಬೊಬ್ಬರಿಗೇ ಉತ್ತರ ಬರೆಯುವ ಬದಲು ಇಲ್ಲೇ ಬರೆದುಬಿಡೋಣ ಅಂತ ಕೂತಿದ್ದೇನೆ. ಉದ್ದ ಆಗುತ್ತೆ, ಪುರಸೊತ್ತಿದ್ದಾಗ ಓದಿ.

ಪರಿಚಯ ಇಲ್ಲದವರಿಗೆ ಹೇಳುತ್ತೇನೆ. ನಾವು ಕಲಬುರಗಿಯಿಂದ ಜೋಳದ ಕಡಕ್ ರೊಟ್ಟಿ, ಶೇಂಗಾ ಹಿಂಡಿ (ಅಂದರೆ ಶೇಂಗಾ ಚಟ್ನಿಪುಡಿ), ತೊಗರಿ ಬೇಳೆ ಕಳಿಸುತ್ತೇವೆ. ದೊಡ್ಡ ಕಂಪನಿ ಏನಲ್ಲ. ಮನೆ ಹಿಂದಿನ ಎರಡು ಕೋಣೆ, ರೊಟ್ಟಿ ಬಡಿಯುವ ನಮ್ಮ ಓಣಿಯ ಅಕ್ಕಂದಿರು, ಒಂದು ತೂಕದ ಯಂತ್ರ, ಒಂದು ಸೀಲಿಂಗ್ ಮಷಿನ್, ವಾಟ್ಸ್‌ಆ್ಯಪ್ ಬಿಸಿನೆಸ್ ಇರುವ ಒಂದು ಫೋನು.

ಈಗ ಪ್ರಶ್ನೆಗೆ ಬರೋಣ. ದಿನಾ ಬಿಡದೆ ಕೆಲಸ ಮಾಡಿದರೆ ಮಾತ್ರ ವ್ಯಾಪಾರ ಕುದುರುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ನಾನೂ ಒಪ್ಪುತ್ತೇನೆ. ಆದರೆ ಕೆಲಸ ಅಂದ ಕೂಡಲೇ ನಮ್ಮ ಹುಡುಗರ ತಲೆಗೆ ಬರುವುದು ಪೋಸ್ಟು, ರೀಲ್ಸು, ಸ್ಟೋರಿ. ಅದು ಗಿರಾಕಿಯನ್ನು ಬಾಗಿಲ ತನಕ ಕರೆತರುವ ಕೆಲಸ. ಬಂದವರು ಮುಂದಿನ ತಿಂಗಳೂ ಬರುವಂತೆ ಮಾಡುವುದು ಬೇರೆಯೇ ಕೆಲಸ. ಅದಕ್ಕೆ ಒಂದು ಲೈಕೂ ಬೀಳುವುದಿಲ್ಲ. ನನ್ನನ್ನು ಕೇಳಿದರೆ ಬಿಡದೆ ಮಾಡಬೇಕಾದ್ದು ಈ ಲೈಕ್ ಬೀಳದ ಕೆಲಸವನ್ನೇ. ಪೋಸ್ಟು ಎರಡು ದಿನ ತಪ್ಪಿದರೂ ನಡೆಯುತ್ತದೆ.

"ಮೂರು ತಿಂಗಳಲ್ಲಿ ಲಕ್ಷ ಸಂಪಾದಿಸಿ" ಅಂತ ಕೋರ್ಸ್ ಮಾರುವವರ ಉಚಿತ ಕ್ಲಾಸುಗಳನ್ನು ನಾನೂ ಕೂತು ಕೇಳಿದ್ದೇನೆ. ದಿನಾ ವಿಡಿಯೊ ಹಾಕಿ, ದಿನಾ ಲೈವ್ ಬನ್ನಿ, ದಿನಾ ಕಾಣಿಸಿಕೊಳ್ಳಿ. ಎಲ್ಲೂ ಪ್ಯಾಕಿಂಗ್ ಟೇಪಿನ ಮಾತಿಲ್ಲ, ಕೊರಿಯರ್ ಬಿಲ್ಲಿನ ಮಾತಿಲ್ಲ. ಹೇಗಿರುತ್ತದೆ ಹೇಳಿ? ಅವರು ಮಾರುವ ಮಾಲಿಗೆ ಡಬ್ಬಿಯೇ ಬೇಡವಲ್ಲ!

ಡಬ್ಬಿಯ ವಿಷಯವನ್ನೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕಡಕ್ ರೊಟ್ಟಿ ಕಳಿಸುವುದು ಎಂಥ ಫಜೀತಿ ಅಂತ ಮಾಡಿದವರಿಗೇ ಗೊತ್ತು. ತವೆಯಿಂದ ತೆಗೆದ ಮೇಲೆ ಪೂರ್ತಿ ಆರಬೇಕು. ಒಳಗೆ ಸ್ವಲ್ಪ ಬಿಸಿ ಉಳಿದಿದ್ದರೂ ಪಾಕೀಟಿನಲ್ಲಿ ಬೆವರುತ್ತದೆ, ಊರು ಮುಟ್ಟುವಷ್ಟರಲ್ಲಿ ಮೆತ್ತಗಾಗಿ ಬೂಸು ಹಿಡಿಯುತ್ತದೆ. ಪೂರ್ತಿ ಆರಿದರೆ ಗಾಜಿನ ಹಾಗೆ, ಮುಟ್ಟಿದರೆ ಮುರಿಯುತ್ತದೆ. ಅದಕ್ಕೆ ಕೆಳಗೊಂದು ಮೇಲೊಂದು ದಪ್ಪ ರಟ್ಟು ಇಟ್ಟು, ಅಲುಗಾಡದ ಹಾಗೆ ಬಿಗಿಯಾಗಿ ಜೋಡಿಸಬೇಕು.

ನಮ್ಮ 40 ರೊಟ್ಟಿಯ ಡಬ್ಬಿ 30 ಸೆಂಟಿಮೀಟರ್ ಉದ್ದ, 30 ಅಗಲ, 20 ಎತ್ತರ. ತೂಕಕ್ಕಿಟ್ಟರೆ ಎರಡು ಕೆಜಿ ಆಸುಪಾಸು. ಆದರೆ ಕೊರಿಯರ್‌ನವರು ತೂಕ ಒಂದನ್ನೇ ನೋಡುವುದಿಲ್ಲ, ಜಾಗದ ಲೆಕ್ಕವನ್ನೂ ಹಾಕುತ್ತಾರೆ. ಉದ್ದ, ಅಗಲ, ಎತ್ತರ ಗುಣಿಸಿ ಸಾಮಾನ್ಯವಾಗಿ 5,000ದಿಂದ ಭಾಗಿಸುತ್ತಾರೆ. ನಮ್ಮ ಡಬ್ಬಿಗೆ ಅದು 3.6 ಕೆಜಿ ಬರುತ್ತದೆ. ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ದುಡ್ಡು. ಅಂದರೆ ಎರಡು ಕೆಜಿ ರೊಟ್ಟಿಗೆ ಮೂರೂವರೆ ಕೆಜಿಗೂ ಮಿಕ್ಕಿದ ಬಾಡಿಗೆ. ರೊಟ್ಟಿ ದುಂಡಗೆ, ಡಬ್ಬಿ ಚೌಕ, ನಾಲ್ಕು ಮೂಲೆಗಳೂ ಖಾಲಿ. ಆ ಖಾಲಿ ಜಾಗಕ್ಕೂ ನಾವೇ ದುಡ್ಡು ಕಟ್ಟಬೇಕು.

ಪ್ರತಿ ಶನಿವಾರ ಕೊರಿಯರ್ ಬಿಲ್ಲನ್ನು ಆರ್ಡರ್ ಪಟ್ಟಿಯ ಪಕ್ಕ ಇಟ್ಟು ಒಂದೊಂದೇ ಸಾಲು ಟಿಕ್ ಹಾಕುವ ರೂಢಿ ನಮ್ಮ ಮನೆಯಲ್ಲಿದೆ. ಬೇಜಾರಿನ ಕೆಲಸ. ಆದರೆ ಹಾಗೆ ಕೂತಾಗಲೇ ಇದು ಕಣ್ಣಿಗೆ ಬಿದ್ದದ್ದು. ಈಗ ನಾಲ್ಕು ಮೂಲೆಗೂ ಕಾಲು ಕೆಜಿಯ ಉದ್ದನೆಯ ಬೇಳೆ ಪೊಟ್ಟಣ ನಿಲ್ಲಿಸುತ್ತೇವೆ. ರೊಟ್ಟಿ ಅಲುಗಾಡುವುದಿಲ್ಲ, ಒಡೆಯುವುದು ಕಡಿಮೆಯಾಯಿತು. ಬೇಳೆ ಸೇರಿದರೂ ತೂಕ ಮೂರು ಕೆಜಿಯ ಹತ್ತಿರವೇ ಇರುವುದರಿಂದ ಬಾಡಿಗೆ ಒಂದು ರೂಪಾಯಿಯೂ ಏರಲಿಲ್ಲ. ಗಿರಾಕಿಗೆ ಬೇಳೆ ಕಳಿಸುವ ಖರ್ಚೇ ಉಳಿಯಿತು. "ರೊಟ್ಟಿ ಬೇಳೆ ಡಬ್ಬಿ" ಈಗ ನಮ್ಮಲ್ಲಿ ಎಲ್ಲಕ್ಕಿಂತ ಜಾಸ್ತಿ ಹೋಗುವ ಮಾಲು. ಇದು ಯಾವ ರೀಲ್ಸಿಂದಲೂ ಹುಟ್ಟಿದ್ದಲ್ಲ. ಒಂದು ವಾರವೂ ತಪ್ಪಿಸದೆ ಬಿಲ್ ನೋಡಿದ್ದಕ್ಕೆ ಸಿಕ್ಕಿದ್ದು.

ನಮ್ಮ ಮಾವನವರು ಗಂಜಿನಲ್ಲಿ, ಅಂದರೆ ಇಲ್ಲಿನ ಕಾಳುಕಡಿ ಮಾರುಕಟ್ಟೆಯಲ್ಲಿ, ಅಡತ್ (ದಲ್ಲಾಳಿ) ಅಂಗಡಿಯ ಲೆಕ್ಕ ಬರೆದವರು. ಆನ್‌ಲೈನ್ ಅಂದಾಗ ಅವರು ಕೇಳಿದ್ದು ಒಂದೇ ಮಾತು: "ಮಾಲು ಕೈಯಾಗ ಹಿಡಿದು ನೋಡದ ಯಾರ್ ತಗೋತಾರವ್ವಾ?" ಗಂಜಿನಲ್ಲಿ ತೊಗರಿ ಬಂದಾಗ ಖರೀದಿದಾರರು ಅಂಗೈಯಲ್ಲಿ ಹರಡಿ ನೋಡುತ್ತಾರೆ, ಒಂದು ಕಾಳನ್ನು ಹಲ್ಲಿನಿಂದ ಕಡಿದು ಹಸಿ ಎಷ್ಟಿದೆ ಅಂತ ತಿಳಿಯುತ್ತಾರೆ. ಮೈಸೂರಿನಲ್ಲಿ ಕೂತ ಅಮ್ಮನಿಗೆ ಫೋನಿನಲ್ಲಿ ಇದ್ಯಾವುದೂ ಆಗುವುದಿಲ್ಲ. ಹಾಗಾಗಿ ಮಾವನವರ ಪ್ರಶ್ನೆ ಸರಿಯಾಗಿಯೇ ಇತ್ತು. ಕೈಯಲ್ಲಿ ಹಿಡಿಯಲಾಗದವರು ಹೋದ ಸಲ ಬಂದ ಮಾಲನ್ನು ನಂಬಿ ದುಡ್ಡು ಕಳಿಸುತ್ತಾರೆ. ಒಂದು ಸಲ ಚೆಂದ, ಒಂದು ಸಲ ನುಚ್ಚು ಅಂತಾದರೆ ಅಲ್ಲಿಗೆ ಮುಗಿಯಿತು.

ಅದಕ್ಕೇ ನಾವು ಪ್ರತಿ ಸಲ ಬೇಳೆ ಒಡೆಸಿ ತಂದಾಗ ಆ ಚೀಲದ್ದೇ ಫೋಟೊ ತೆಗೆದು ಕಳಿಸುತ್ತೇವೆ, ನೆಟ್ಟಿನಿಂದ ಇಳಿಸಿದ ಹೊಳೆಯುವ ಫೋಟೊ ಅಲ್ಲ. ಬಣ್ಣ ಸ್ವಲ್ಪ ಮಂಕಾಗಿದ್ದರೆ ಮಂಕಾಗಿದೆ ಅಂತಲೇ ಬರೆಯುತ್ತೇವೆ. ಕೆಲವರು ಆ ತಿಂಗಳು ಬೇಡ ಅನ್ನುತ್ತಾರೆ. ಅನ್ನಲಿ. ಮುಂದಿನ ತಿಂಗಳು ಕೇಳದೆಯೇ ದುಡ್ಡು ಹಾಕುವವರೂ ಅವರೇ.

ಇನ್ನೊಂದು ದಿನನಿತ್ಯದ ಕೆಲಸ ಅಂದರೆ ಅದೇ ಪ್ರಶ್ನೆಗೆ ಅದೇ ಉತ್ತರ. "ನಮ್ಮ ಅಂಗಡೀಲಿ ಇದಕ್ಕಿಂತ ಕಮ್ಮಿಗೆ ಸಿಗುತ್ತೆ, ನಿಮ್ಮದ್ಯಾಕೆ ಇಷ್ಟು?" ಇದು ಬರದ ದಿನ ಇಲ್ಲ. ಸಿಟ್ಟು ಬಂದರೂ ಉತ್ತರಿಸಬೇಕು. ನಾವು ಲೆಕ್ಕವನ್ನೇ ಕೊಡುತ್ತೇವೆ. 2025-26ಕ್ಕೆ ತೊಗರಿಯ ಬೆಂಬಲ ಬೆಲೆ ಕ್ವಿಂಟಲಿಗೆ 8,000 ರೂಪಾಯಿ. 100 ಕೆಜಿ ತೊಗರಿ ಒಡೆಸಿದರೆ 70ರಿಂದ 75 ಕೆಜಿ ಬೇಳೆ ಸಿಗುತ್ತದೆ. ರೈತನಿಗೆ ಆ ಬೆಲೆ ಕೊಟ್ಟು ಕೊಂಡರೆ ಬೇಳೆಯ ಅಸಲೇ ಕೆಜಿಗೆ 107ರಿಂದ 114 ರೂಪಾಯಿ ಬೀಳುತ್ತದೆ. ಒಡೆಸುವ ಕೂಲಿ, ಪಾಕೀಟು, ಬಾಡಿಗೆ ಇನ್ನೂ ಸೇರಿಲ್ಲ. ಜೊತೆಗೆ ನಮ್ಮ ತೊಗರಿ ಬೇಳೆಗೆ 2019ರಲ್ಲಿ ಜಿಐ ಮಾನ್ಯತೆ (ಇದು ಈ ಊರಿನದೇ ವಿಶೇಷ ಮಾಲು ಅನ್ನುವ ಸರ್ಕಾರಿ ಗುರುತು) ಸಿಕ್ಕಿದೆ, ಈ ಕಪ್ಪು ಮಣ್ಣಿನ ಸುಣ್ಣದಂಶಕ್ಕೂ ಬೇಳೆಯ ರುಚಿಗೂ ಸಂಬಂಧ ಇದೆ ಅಂತ ಎರಡು ಸಾಲು. ಇದನ್ನು ವಾಟ್ಸ್‌ಆ್ಯಪ್ ಬಿಸಿನೆಸ್‌ನಲ್ಲಿ ಕ್ವಿಕ್ ರಿಪ್ಲೈ ಅಂತ ಉಳಿಸಿಟ್ಟುಕೊಂಡಿದ್ದೇವೆ. ಆದರೂ ಕಳಿಸುವ ಮುಂಚೆ ಹೆಸರು ಹಿಡಿದು "ನಮಸ್ಕಾರ ರೀ" ಅಂತ ಕೈಯಾರೆ ಬರೆಯುತ್ತೇನೆ. ಜನಕ್ಕೆ ಮಷಿನ್ ಯಾವುದು ಮನುಷ್ಯ ಯಾವುದು ಅಂತ ಚೆನ್ನಾಗಿ ಗೊತ್ತಾಗುತ್ತದೆ.

ಪ್ರಚಾರ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. 2025ರ ಜೂನ್ ಕೊನೆಯಲ್ಲಿ ಪ್ರಧಾನಿ ಮೋದಿಯವರು ಮನ್ ಕೀ ಬಾತ್‌ನಲ್ಲಿ ಕಲಬುರಗಿಯ ಜೋಳದ ರೊಟ್ಟಿಯ ಬಗ್ಗೆ ಮಾತಾಡಿದರು. ಇಲ್ಲಿನ ಮಹಿಳೆಯರು ದಿನಕ್ಕೆ 3,000ಕ್ಕೂ ಹೆಚ್ಚು ರೊಟ್ಟಿ ಮಾಡುತ್ತಿದ್ದಾರೆ ಅಂದರು. ನಮಗೂ ಆ ಮಹಿಳೆಯರ ಬ್ರ್ಯಾಂಡಿಗೂ ಸಂಬಂಧ ಇಲ್ಲ, ಆದರೂ ಆ ವಾರ ನಮ್ಮ ಫೋನೂ ಬಿಸಿಯಾಗಿತ್ತು. ಅಂಥ ಪ್ರಚಾರ ದುಡ್ಡು ಕೊಟ್ಟರೂ ಸಿಗುವುದಿಲ್ಲ. ಆದರೆ ಒಂದು ಯೋಚಿಸಿ. ಆ 3,000 ರೊಟ್ಟಿ ರೇಡಿಯೊದಲ್ಲಿ ಹೆಸರು ಬರುವ ಮೊದಲೇ ದಿನಾ ತವೆ ಮೇಲೆ ಬೇಯುತ್ತಿದ್ದವು, ಅಲ್ವಾ? ಅದಕ್ಕೇ ಕೇಳಿದವರಿಗೆ ಕೊಡಲು ಅವರ ಬಳಿ ರೊಟ್ಟಿ ಇತ್ತು. ವಿಡಿಯೊ ಓಡಿ ಒಂದೇ ದಿನ ರಾಶಿ ಆರ್ಡರ್ ಬಂದು, ಹದಿನೈದು ದಿನವಾದರೂ ಮಾಲು ಕಳಿಸಲಾಗದೆ ಫೋನ್ ಸ್ವಿಚ್ ಆಫ್ ಮಾಡಿಕೊಂಡವರನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಹೆಸರು ಬೇಡ.

ನಮ್ಮಲ್ಲಿ ರೊಟ್ಟಿ ಬಡಿಯುವವರ ಕಡೆಯಿಂದಲೂ ಇದನ್ನು ನೋಡಬೇಕು. ಮೇ ತಿಂಗಳಲ್ಲಿ ಕಲಬುರಗಿಯಲ್ಲಿ 43, 44 ಡಿಗ್ರಿ ಅಂದರೆ ಆಶ್ಚರ್ಯ ಇಲ್ಲ. ಆಗ ಒಲೆ ಮುಂದೆ ಕೂರುವವರು ನಸುಕಿನಲ್ಲೇ ಶುರು ಮಾಡಿ ಬಿಸಿಲೇರುವ ಮುಂಚೆ ಎದ್ದುಬಿಡುತ್ತಾರೆ. ಒಂದು ದಿನ 400 ರೊಟ್ಟಿ, ಮರುದಿನ 50, ಆಮೇಲೆ ಮೂರು ದಿನ "ಬರಬ್ಯಾಡ್ರಿ" ಅಂದರೆ ಅವರು ಯಾಕೆ ನಮ್ಮ ಹತ್ತಿರ ಇರಬೇಕು? ಅದಕ್ಕೆ ದಿನಕ್ಕೆ ಇಷ್ಟು ಅಂತ ಗೊತ್ತು ಮಾಡಿಕೊಂಡಿದ್ದೇವೆ. ಅದಕ್ಕಿಂತ ಜಾಸ್ತಿ ಆರ್ಡರ್ ಬಂದರೆ "ನಾಲ್ಕು ದಿನ ತಡ ಆಗುತ್ತೆ, ಆಗಬಹುದಾ?" ಅಂತ ಗಿರಾಕಿಯನ್ನೇ ಕೇಳುತ್ತೇವೆ. ಕಮ್ಮಿ ಬಂದರೂ ಪಗಾರ ಶನಿವಾರ ಹೋಗಲೇಬೇಕು. ಆನ್‌ಲೈನ್ ವ್ಯಾಪಾರದ ಬಗ್ಗೆ ಭಾಷಣ ಮಾಡುವವರು ಈ ಪಗಾರದ ವಿಷಯ ಎತ್ತುವುದನ್ನು ನಾನಂತೂ ಕೇಳಿಲ್ಲ.

ದಿನಾ ಅನ್ನುವುದು ಎಲ್ಲ ಕಸುಬಿಗೂ ಹೊಂದುವುದಿಲ್ಲ, ಅದೂ ನಿಜ. ಬೀದರಿನಲ್ಲಿ ಬಿದ್ರಿ ಕೆಲಸ ಮಾಡುವವರು ದಿನಕ್ಕೊಂದು ಹೊಸ ಮಾಲು ಎಲ್ಲಿಂದ ತೋರಿಸಬೇಕು? ಸತು, ತಾಮ್ರ ಸೇರಿಸಿ ಎರಕ ಹೊಯ್ಯಬೇಕು, ಕೊರೆಯಬೇಕು, ಬೆಳ್ಳಿ ತಂತಿ ಕೂರಿಸಬೇಕು, ಕಡೆಗೆ ಕೋಟೆಯ ಮಣ್ಣು ಸೇರಿಸಿದ ನೀರಿನಲ್ಲಿ ಕುದಿಸಿ ಕಪ್ಪು ಬಣ್ಣ ಬರಿಸಬೇಕು. ದೊಡ್ಡ ಹೂಜಿಗೆ ವಾರಗಟ್ಟಲೆ ಹಿಡಿಯುತ್ತದೆ. ಅಂಥವರು ವಾರಕ್ಕೊಮ್ಮೆ ಕೆಲಸ ಎಲ್ಲಿಗೆ ಬಂತು ಅಂತ ಒಂದು ಫೋಟೊ ಹಾಕಿದರೆ ಸಾಕು. ಕೇಳಿದವರಿಗೆ ಯಾವತ್ತು ಕೊಡುತ್ತೇವೆ ಅಂತ ಹೇಳಿ ಆವತ್ತೇ ಕೊಡುವುದು ಮುಖ್ಯ.

ಕ್ಯಾಶ್ ಆನ್ ಡೆಲಿವರಿ ಬಗ್ಗೆ ಕೇಳುತ್ತೀರಿ. ಬೇರೆ ಮಾಲಿಗೆ ಮಾಡಿಕೊಳ್ಳಿ, ರೊಟ್ಟಿಗೆ ಬೇಡ. ವಾಪಸ್ ಬಂದ ರೊಟ್ಟಿ ದನಕ್ಕೇ ಹೋಗುವುದು, ಹೋಗುವ ಬಾಡಿಗೆಯೂ ಬರುವ ಬಾಡಿಗೆಯೂ ನಮ್ಮ ತಲೆ ಮೇಲೆ. ಬೇಳೆಗೆ ನಾವು ಕೊಡುತ್ತೇವೆ, ಆದರೆ ಕಳಿಸುವ ಮುಂಚೆ ಪ್ರತಿಯೊಬ್ಬರಿಗೂ ಫೋನ್ ಮಾಡಿ ವಿಳಾಸ ಓದಿಸಿಕೊಳ್ಳುತ್ತೇವೆ. ಫೋನ್ ಎತ್ತದಿದ್ದರೆ ಡಬ್ಬಿ ಕದಲುವುದಿಲ್ಲ.

ಕಾಗದಪತ್ರದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಮನೆಯಿಂದ ತಿನ್ನುವ ಪದಾರ್ಥ ಮಾರುವವರಿಗೂ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಬೇಕು, ಆ 14 ಅಂಕಿಯ ನಂಬರು ಪಾಕೀಟಿನ ಮೇಲಿರಬೇಕು. ಜಿಎಸ್‌ಟಿ ವಿಷಯದಲ್ಲಿ, ವರ್ಷಕ್ಕೆ 40 ಲಕ್ಷದೊಳಗೆ ಸಾಮಾನು ಮಾರುವವರು 2023ರ ಅಕ್ಟೋಬರ್ 1ರಿಂದ ಪೂರ್ತಿ ನೋಂದಣಿ ಇಲ್ಲದೆ, ಪೋರ್ಟಲಿನಲ್ಲಿ ಎನ್‌ರೋಲ್‌ಮೆಂಟ್ ನಂಬರ್ ತೆಗೆದುಕೊಂಡು, ದೊಡ್ಡ ಆನ್‌ಲೈನ್ ತಾಣಗಳ ಮೂಲಕ ರಾಜ್ಯದೊಳಗೆ ಮಾರಬಹುದು. ತೆರಿಗೆ ಇರುವ ಮಾಲನ್ನು ಹೊರರಾಜ್ಯಕ್ಕೆ ಮಾರಿದರೆ ನೋಂದಣಿ ಬೇಕೇ ಬೇಕು. ನಮ್ಮ ಕಡೆಯವರಿಗೆ ಇದೊಂದು ತಮಾಷೆ. ಸೊಲ್ಲಾಪುರ ಎರಡು-ಮೂರು ತಾಸಿನ ದಾರಿ, ಅದು ಹೊರರಾಜ್ಯ. ಬೆಂಗಳೂರಿಗೆ ರಾತ್ರಿಯಿಡೀ ರೈಲು, ಅದು ಒಳಗೆ! 2025ರ ಸೆಪ್ಟೆಂಬರ್ 22ರಿಂದ ರೊಟ್ಟಿ, ಚಪಾತಿಗೆ ತೆರಿಗೆ ಇಲ್ಲ. ಪಾಕೀಟು ಮಾಡಿ ಲೇಬಲ್ ಹಚ್ಚಿದ ಬೇಳೆಗೆ ಶೇ. 5 ಇದೆ. ಒಬ್ಬ ಲೆಕ್ಕಪರಿಶೋಧಕರನ್ನು ಒಂದು ಸಲ ಕೇಳಿ, ನನ್ನ ಮಾತಿನ ಮೇಲೆಯೇ ಹೊರಡಬೇಡಿ.

ಹಾಗಾದರೆ ನಮ್ಮ ದಿನ ಹೇಗಿರುತ್ತದೆ? ಬೆಳಿಗ್ಗೆ ಚಹಾ ಮುಗಿಯುವುದರೊಳಗೆ ರಾತ್ರಿ ಬಂದ ಮೆಸೇಜುಗಳಿಗೆಲ್ಲ ಉತ್ತರ. ಮಧ್ಯಾಹ್ನ ನಾಲ್ಕಕ್ಕೆ ಕೊರಿಯರ್ ಹುಡುಗ ಬರುತ್ತಾನೆ, ಅಷ್ಟರೊಳಗೆ ಡಬ್ಬಿಗಳು ಬಾಗಿಲ ಹತ್ತಿರ ಇರಬೇಕು. ಸಂಜೆ, ಹೋದ ತಿಂಗಳು ಮಾಲು ತಗೊಂಡವರಲ್ಲಿ ಕೆಲವರಿಗೆ "ಹೇಗಿತ್ರೀ?" ಅಂತ ಒಂದು ಮೆಸೇಜು. ರಾತ್ರಿ ಊಟಕ್ಕೆ ಮುಂಚೆ ಲೆಕ್ಕ. ಇದಾದ ಮೇಲೆ ಪುರಸೊತ್ತು ಉಳಿದರೆ ವಿಡಿಯೊ. ಮದುವೆ, ಜಾತ್ರೆ, ಎಳ್ಳ ಅಮಾವಾಸ್ಯೆಗೆ ರಜೆ ಇದೆ. ಆದರೆ ಎರಡು ದಿನ ಮೊದಲೇ ಸ್ಟೇಟಸ್‌ನಲ್ಲಿ ಹೇಳಿಬಿಡುತ್ತೇವೆ.

ಇದನ್ನೆಲ್ಲ ಓದಿ "ಅಯ್ಯೋ, ಇಷ್ಟೇನಾ?" ಅನಿಸಿದರೆ ನೀವು ಶುರು ಮಾಡಬಹುದು. "ಅಯ್ಯೋ, ಇಷ್ಟೆಲ್ಲಾನಾ?" ಅನಿಸಿದರೆ ಸ್ವಲ್ಪ ತಡೆಯಿರಿ, ಮೊದಲು ಓಣಿಯಲ್ಲೇ ನಾಲ್ಕು ಮನೆಗೆ ಮಾರಿ ನೋಡಿ.

ನಮಗೇ ಇನ್ನೂ ಬಗೆಹರಿಯದ್ದು ಮಳೆಗಾಲ. ಜುಲೈ, ಆಗಸ್ಟ್‌ನಲ್ಲಿ ಎಷ್ಟೇ ಸೀಲ್ ಮಾಡಿದರೂ ಕರಾವಳಿ ಕಡೆಗೆ ಹೋದ ರೊಟ್ಟಿ ಅರ್ಧಕ್ಕರ್ಧ ಮೆತ್ತಗಾಗುತ್ತದೆ. ಒಳಗೆ ಫಾಯಿಲ್ ಇರುವ ದಪ್ಪ ಪಾಕೀಟು ತಂದು ನೋಡಿದೆವು, ರೊಟ್ಟಿ ಗರಿಗರಿ ಇತ್ತು, ಆದರೆ ಪಾಕೀಟಿನ ಖರ್ಚು ಲಾಭವನ್ನೇ ತಿಂದುಹಾಕಿತು. ಸದ್ಯಕ್ಕೆ ಮಂಗಳೂರು, ಉಡುಪಿಯವರಿಗೆ ಆ ಎರಡು ತಿಂಗಳು ಬೇಳೆ, ಹಿಂಡಿ ಮಾತ್ರ ಕಳಿಸುತ್ತಿದ್ದೇವೆ. ಕಡಿಮೆ ಖರ್ಚಿನ ದಾರಿ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ಹೇಳಿ, ಮೊದಲ ಡಬ್ಬಿ ನಿಮ್ಮ ಮನೆಗೇ ಬರುತ್ತದೆ.