ಜೋಳದ ರೊಟ್ಟಿ ತಿನ್ನಿ, ನಗಿ, ಮಾತ್ರೆ ಬಿಡಬೇಡಿ

'ಮೂರೂ ಹೊತ್ತು ಜೋಳದ ರೊಟ್ಟಿ ತಿಂದು, ದಿನಾ 15 ನಿಮಿಷ ನಕ್ಕರೆ ಶುಗರ್ ಮಾತ್ರೆ ಬೇಕಿಲ್ಲ' ಅಂತ ಕೊಪ್ಪಳದ ನಮ್ಮ ಓಣಿಯ ವಾಟ್ಸಾಪ್‌ನಲ್ಲಿ ಸಂದೇಶ ಓಡಾಡುತ್ತಿದೆ. ಇದು ತಪ್ಪು.

ಜೋಳದಲ್ಲಿ ನಾರು ಜಾಸ್ತಿ, ನಿಜ. 100 ಗ್ರಾಂ ಜೋಳಕ್ಕೆ ಸುಮಾರು 10 ಗ್ರಾಂ. ಆದರೆ ಕಾರ್ಬೋಹೈಡ್ರೇಟ್ 65 ಗ್ರಾಂ ದಾಟುತ್ತದೆ. ಅದು ಅರಗಿದ ಮೇಲೆ ಬಹುಪಾಲು ಸಕ್ಕರೆಯೇ ಅಲ್ವಾ? ಬಿಸಿ ರೊಟ್ಟಿ, ಪುಂಡಿ ಪಲ್ಯ, ಪಕ್ಕದಲ್ಲಿ ಶೇಂಗಾ ಚಟ್ನಿ ಇದ್ದರೆ ಎರಡಕ್ಕೇ ನಿಲ್ಲಿಸುವವರು ಯಾರು ಹೇಳಿ! ನನ್ನ ಕೈಲಂತೂ ಆಗುವುದಿಲ್ಲ.

ಇನ್ನು ನಗುವಿನ ಮಾತು. ಗುಂಪಾಗಿ ಸೇರಿ ನಗುವ ನಗೆಯೋಗವನ್ನು ವೈದ್ಯ ಮದನ್ ಕಟಾರಿಯಾ 1995ರಲ್ಲಿ ಮುಂಬೈನ ಪಾರ್ಕೊಂದರಲ್ಲಿ ಶುರು ಮಾಡಿದರು. ನಕ್ಕರೆ ಮನಸ್ಸು ಹಗುರಾಗುತ್ತದೆ. ಆದರೆ ರಕ್ತದ ಸಕ್ಕರೆ ಇಳಿಸುವ ಇನ್ಸುಲಿನ್‌ನ ಕೆಲಸವನ್ನು ನಗು ಮಾಡುವುದಿಲ್ಲ. ಮಾತ್ರೆ ಕಡಿಮೆ ಮಾಡುವುದಿದ್ದರೆ ರಕ್ತ ಪರೀಕ್ಷೆ ನೋಡಿ ಡಾಕ್ಟರೇ ಹೇಳಬೇಕು. ಆ ಸಂದೇಶ ಕಳಿಸಿದವರು ದಯವಿಟ್ಟು ಇದನ್ನೂ ಅದೇ ಗುಂಪಿಗೆ ಹಾಕಿ.