ನೋ ಡೀಲ್ ಬೆದರಿಕೆಗೆ ಹೆದರಿದ್ದು ಯಾರು?

ಐರೋಪ್ಯ ಒಕ್ಕೂಟ ಬಿಡೋಣ (ಬ್ರೆಕ್ಸಿಟ್) ಅಂತ ಬ್ರಿಟನ್ 2016ರ ಜನಮತದಲ್ಲಿ ತೀರ್ಮಾನಿಸಿತ್ತು. ಒಕ್ಕೂಟದ ಜೊತೆ ಒಪ್ಪಂದ ಮಾಡಿಕೊಳ್ಳದೆಯೇ ಹೊರನಡೆಯುವುದು 'ನೋ ಡೀಲ್'. ಕೆಟ್ಟ ಒಪ್ಪಂದಕ್ಕಿಂತ ಒಪ್ಪಂದವೇ ಇಲ್ಲದಿರುವುದು ಮೇಲು ಅಂತ ಬ್ರಿಟನ್‌ನ ಆಗಿನ ಪ್ರಧಾನಿ ತೆರೇಸಾ ಮೇ 2017ರ ಜನವರಿಯಲ್ಲಿ ಹೇಳಿದರು. ಹೆದರಿಸಲು ಹೊರಟಿದ್ದು ಐರೋಪ್ಯ ಒಕ್ಕೂಟವನ್ನು. ಕೊನೆಗೆ ಹೆದರಿದ್ದು ಬ್ರಿಟನ್ ಸಂಸತ್ತು.

ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಒಪ್ಪಂದ ಆಗದಿದ್ದರೆ ವಿಶ್ವ ವ್ಯಾಪಾರ ಸಂಸ್ಥೆಯ ನಿಯಮಗಳಿವೆಯಲ್ಲ, ಸಾಕು ಅಂತ ಕೆಲವರು ವಾದಿಸುತ್ತಿದ್ದರು. ಆ ನಿಯಮದ ಪ್ರಕಾರ ಒಕ್ಕೂಟಕ್ಕೆ ಹೋಗುವ ಕಾರಿಗೆ 10% ಸುಂಕ. ಕುರಿ ಮಾಂಸಕ್ಕೆ ಅದಕ್ಕಿಂತ ಎಷ್ಟೋ ಜಾಸ್ತಿ, ಮತ್ತು ಬ್ರಿಟನ್ ರಫ್ತು ಮಾಡುವ ಕುರಿ ಮಾಂಸದ ಬಹುಪಾಲು ಹೋಗುವುದೇ ಒಕ್ಕೂಟಕ್ಕೆ. ಸರಿ, ನಾವಾದರೂ ಅವರ ಸರಕಿಗೆ ಸುಂಕ ಬಿಟ್ಟುಬಿಡೋಣ ಅಂದರೆ, ಒಪ್ಪಂದವಿಲ್ಲದೆ ಒಬ್ಬರಿಗೆ ಮಾತ್ರ ಬಿಡುವ ಹಾಗಿಲ್ಲ. ಜಗತ್ತಿಗೆಲ್ಲ ಬಿಡಬೇಕು. ಆಮೇಲೆ ಬೇರೆ ದೇಶಗಳ ಜೊತೆ ಚೌಕಾಸಿ ಮಾಡಲು ಕೈಯಲ್ಲಿ ಏನುಳಿಯುತ್ತದೆ?

ಸುಂಕವಾದರೂ ಲೆಕ್ಕಕ್ಕೆ ಸಿಗುತ್ತದೆ. ಕಾಯುವುದು ಸಿಗುವುದಿಲ್ಲ. ಫ್ರಾನ್ಸ್ ಕಡೆಯಿಂದ ಹಡಗುಗಳು ಬರುವ ಇಂಗ್ಲೆಂಡಿನ ಡೋವರ್ ಬಂದರಿನಲ್ಲಿ, ಹಡಗಿನಿಂದಿಳಿದ ಲಾರಿ ಸೀದಾ ರಸ್ತೆಗೆ ಹೋಗುತ್ತಿತ್ತು. ಕಾರು ಕಾರ್ಖಾನೆಗಳು ಬಿಡಿಭಾಗಗಳನ್ನು ಗೋದಾಮಿನಲ್ಲಿ ತುಂಬಿಡದೆ ನಡೆಯುತ್ತಿದ್ದದ್ದು ಇದನ್ನೇ ನಂಬಿ. 2019ರಲ್ಲಿ ಹೊರಬಂದ ಸರ್ಕಾರದ್ದೇ 'ಯೆಲ್ಲೋಹ್ಯಾಮರ್' ದಾಖಲೆ, ಪರಿಸ್ಥಿತಿ ಕೆಟ್ಟರೆ ಲಾರಿಗಳು ಒಂದೂವರೆಯಿಂದ ಎರಡೂವರೆ ದಿನ ಕಾಯಬೇಕಾದೀತು ಎಂದಿತ್ತು. ಇದಕ್ಕೆ ತಯಾರಿ ಅಂತ ಒಂದೂ ಹಡಗಿಲ್ಲದ ಕಂಪನಿಗೆ 1.38 ಕೋಟಿ ಪೌಂಡಿನ ಹಡಗು ಗುತ್ತಿಗೆ ಕೊಟ್ಟು, ಆಮೇಲೆ ರದ್ದು ಮಾಡಿದರು. ತಮಾಷೆಯಲ್ಲ, ನಿಜವಾಗಿ ನಡೆದದ್ದು!

ರಾಜಕೀಯದ ಕಥೆ ಇನ್ನೂ ಜಟಿಲ. ಐರ್ಲೆಂಡ್ ದೇಶ ಒಕ್ಕೂಟದಲ್ಲೇ ಉಳಿಯುತ್ತದೆ, ಬ್ರಿಟನ್ನಿಗೆ ಸೇರಿದ ಉತ್ತರ ಐರ್ಲೆಂಡ್ ಹೊರಗೆ. ನಡುವೆ ಸುಮಾರು 500 ಕಿ.ಮೀ. ಗಡಿ. ಒಪ್ಪಂದ ಇಲ್ಲ ಅಂದರೆ ಅಲ್ಲಿ ತಪಾಸಣೆ ಬೇಕಾಗುತ್ತದೆ. ಉತ್ತರ ಐರ್ಲೆಂಡಿನ ದಶಕಗಳ ಹಿಂಸೆಗೆ ತೆರೆ ಎಳೆದ 1998ರ ಗುಡ್ ಫ್ರೈಡೇ ಒಪ್ಪಂದದ ಬಳಿಕ ಸಿಕ್ಕ ಶಾಂತಿ ಆ ಗಡಿಯಲ್ಲಿ ಚೌಕಿಗಳಿಲ್ಲದೆ ಬದುಕುವುದಕ್ಕೆ ಅಂಟಿಕೊಂಡಿದೆ. ಅತ್ತ ಒಕ್ಕೂಟದಲ್ಲೇ ಇರೋಣ ಅಂತ 62% ಮತ ಹಾಕಿದ್ದ ಸ್ಕಾಟ್ಲೆಂಡಿನಲ್ಲಿ ಪ್ರತ್ಯೇಕ ದೇಶದ ಮಾತು ಮತ್ತೆ ಜೋರಾಯಿತು. 2019ರ ಸೆಪ್ಟೆಂಬರ್‌ನಲ್ಲಿ ನೋ ಡೀಲ್ ತಡೆಯಲು ಸಂಸತ್ತು ಕಾನೂನೇ ಮಾಡಿತು. ಅದಕ್ಕೆ ದಾರಿ ಮಾಡಿಕೊಟ್ಟ ಸ್ವಂತ ಪಕ್ಷದ 21 ಸಂಸದರನ್ನು, ಮೇ ನಂತರ ಪ್ರಧಾನಿಯಾಗಿದ್ದ ಬೋರಿಸ್ ಜಾನ್ಸನ್ ಹೊರಹಾಕಿದರು.

"ಅಷ್ಟೆಲ್ಲಾ ಹೆದರಿಸಿದರು, ಏನೂ ಆಗಲಿಲ್ವಲ್ಲ" ಅನ್ನುವವರು ಈಗಲೂ ಇದ್ದಾರೆ. ನೋ ಡೀಲ್ ಆಗಲೇ ಇಲ್ಲ, ಅಲ್ವಾ? ಒಕ್ಕೂಟದ ಜೊತೆಗಿನ ಹಳೆಯ ವ್ಯಾಪಾರ ವ್ಯವಸ್ಥೆ ಮುಗಿಯುವ ಗಡುವಿಗೆ ವಾರ ಇರುವಾಗ, 2020ರ ಡಿಸೆಂಬರ್ 24ರಂದು, ವ್ಯಾಪಾರ ಒಪ್ಪಂದ ಕುದುರಿತು. ಸುಂಕ ತಪ್ಪಿತು, ಕಸ್ಟಮ್ಸ್ ಕಾಗದಪತ್ರ ತಪ್ಪಲಿಲ್ಲ. ಮುಂದಿನ ಜನವರಿಯಲ್ಲೇ ಸ್ಕಾಟ್ಲೆಂಡಿನ ಮೀನು, ಏಡಿ ವ್ಯಾಪಾರಿಗಳು ಸರಕು ಸಮಯಕ್ಕೆ ಯುರೋಪ್ ಮುಟ್ಟುತ್ತಿಲ್ಲ ಅಂತ ಲಂಡನ್ನಿಗೆ ಲಾರಿ ತಂದು ನಿಲ್ಲಿಸಿ ಪ್ರತಿಭಟಿಸಿದರು. ಒಪ್ಪಂದ ಇದ್ದೂ ಆದದ್ದು ಇದು.