ಸತ್ಯಾಂಶ: ಜಪಾನಿನ ಕಲ್ಲಿನ ತೋಟಕ್ಕೆ ಆರೈಕೆನೇ ಬೇಡ್ವಾ?

"ಈ ಮರಳಿನ ತೋಟಕ್ಕೆ ಒಂದ್ಸಲ ಗೆರೆ ಎಳೆದ್ರೆ ಸಾಕು, ನೂರಾರು ವರ್ಷ ಹಾಗೇ ಇರುತ್ತೆ" ಅಂತ ಕ್ಯೋಟೋದ ರ್ಯೋವಾನ್‌ಜಿ ದೇವಸ್ಥಾನದ ಫೋಟೋ ಹಾಕಿ ಒಂದು ಫಾರ್ವರ್ಡ್ ಓಡಾಡ್ತಿದೆ. ನಿಜ ಅಲ್ಲ. ಅದು ಮರಳೂ ಅಲ್ಲ, ಸಣ್ಣ ಬಿಳಿ ಜಲ್ಲಿ. ಜೋರು ಮಳೆ ಬಿದ್ರೆ, ಹಕ್ಕಿ ಕೆದಕಿದ್ರೂ ಗೆರೆ ಕೆಡುತ್ತೆ, ಅದಕ್ಕೇ ಉದುರಿದ ಎಲೆ ಆರಿಸಿ, ಕಳೆ ಬೇರು ಸಮೇತ ಕಿತ್ತು, ಆಮೇಲೆ ಹಲ್ಲಿರೋ ಮರದ ಕುಂಟೆ ಹಿಡ್ಕೊಂಡು ಹಿಂದಹಿಂದಕ್ಕೆ ಹೆಜ್ಜೆ ಇಡ್ತಾ ಮತ್ತೆ ಮತ್ತೆ ಎಳೀತಾರೆ, ಮುಂದಕ್ಕೆ ನಡೆದ್ರೆ ಹೆಜ್ಜೆಗುರುತು ಉಳಿದುಬಿಡುತ್ತಲ್ಲ. ಕಲ್ಲುಗಳ ಸುತ್ತ ಮಾತ್ರ ನೀರಿನ ಅಲೆ ಥರ ಬಳಸು ಗೆರೆ, ನನಗೆ ತುಂಬಾ ಇಷ್ಟ ಆಗೋದು ಅದೇ. ಅಲ್ಲಿರೋದು 15 ಕಲ್ಲು, ಜಗಲಿ ಮೇಲೆ ಎಲ್ಲಿ ಕೂತ್ರೂ ಒಂದಾದ್ರೂ ಮರೆಯಾಗಿರುತ್ತೆ. ಬುಡದಲ್ಲಿರೋ ಹಸಿರು ಪಾಚಿಗೂ ಆರೈಕೆ ಬೇಕೇ ಬೇಕು.